ಬಾಯುಪಚಾರ

ಪ್ರಾಫರ್ ಎಂಬ ಇಂಗ್ಲಿಷ್ ಪದ ಬೆಳಗಿನಿಂದ ಉಪಸಂಪಾದಕನ ಮೇಜಿನ ಮೇಲೆ ಕೂತು ಅವನ ಮುಖವನ್ನೇ ನೋಡುತ್ತಿತ್ತು. ಹಾಗೆ ನೋಡಿದರೆ ಅದೇನು ಘನಂದಾರಿ ಪದವಲ್ಲ. ನಿಘಂಟಿನಲ್ಲಿ ಪ್ರೊಫೆಸರ್ ಆದಮೇಲೆ ಬರುತ್ತದೆ, ಪ್ರವೀಣ ಎಂಬರ್ಥದ ಪ್ರೊಫಿಶಿಯೆಂಟ್ ಅದರ ಮುಂದೆ ಇರುತ್ತದೆ. ಈ ಇಬ್ಬರು ದೊಡ್ಡ ಮನುಷ್ಯರ ನಡುವೆ, ಬಸ್ಸಿನ ಮೂರು ಜನರ ಸೀಟಿನಲ್ಲಿ ಮಧ್ಯೆ ಸಿಕ್ಕಿಕೊಂಡವನ ಹಾಗೆ, ಮೈ ಹಿಡಿಮಾಡಿಕೊಂಡು ಕೂತಿರುತ್ತದೆ. ಹಳೆಯ ಮುದ್ರಣದವರು ಅದಕ್ಕೆ 'ಕೊಡು, ನೀಡು' ಎಂದು ಎರಡು ಮಾತು ಹೇಳಿ ಕೈ ತೊಳೆದುಕೊಂಡಿದ್ದರು. ಪರಿಷ್ಕರಣೆಯ ಹೊತ್ತಿನಲ್ಲಿ ಅವನೂ ಅಷ್ಟಕ್ಕೇ ಒಂದು ಟಿಕ್ ಹಾಕಿ ಮುಂದೆ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಪಿ ಅಕ್ಷರದ ಕಟ್ಟು ಸಂಜೆ ಅಚ್ಚಿಗೆ ಹೋಗಬೇಕಿತ್ತು, ಕಟ್ಟಿನಲ್ಲಿ ಉಳಿದೆಲ್ಲ ಪದಗಳೂ ತಲೆಬಾಚಿಕೊಂಡು ಸಿದ್ಧವಾಗಿದ್ದವು. ಆದರೆ ಇವತ್ತು ಬೆಳಿಗ್ಗೆ, ಅರ್ಧ ಕೆನ್ನೆ ಬೋಳಿಸಿ ಇನ್ನರ್ಧ ಕೆನ್ನೆಯ ಮೇಲೆ ನೊರೆ ಇದ್ದಾಗ, ಅತ್ತಿಗೆಯ ಫೋನು ಬಂದಿತ್ತು. "ಗುಬ್ಬೀ, ಇವತ್ತು ಮಧ್ಯಾಹ್ನ ನಿಮ್ಮ ಆಫೀಸ್ ಹತ್ರ ಬರ್ತೀನಿ ಕಣೋ. ಅವತ್ತು ನೀನು ಹೇಳಿದ್ಯಲ್ಲ, ಆ ವಿಷಯ ಮಾತಾಡ್ಬೇಕು." ಐವತ್ತು ದಾಟಿದ ಅವನನ್ನು ಗುಬ್ಬಿ ಎಂದು ಕರೆಯುವವರು ಲೋಕದಲ್ಲಿ ಉಳಿದಿದ್ದದ್ದು ಅವರೊಬ್ಬರೇ. ಎದೆ ಧಸಕ್ಕೆಂದರೂ ನಾಲಿಗೆ ತನ್ನ ಪಾಡಿಗೆ ತಾನು, "ಅಯ್ಯೋ, ಬನ್ನಿ ಅತ್ತಿಗೆ, ಅದಕ್ಕೇನಂತೆ!" ಎಂದುಬಿಟ್ಟಿತು. ಫೋನಿಟ್ಟ ಮೇಲೆ ಕನ್ನಡಿಯಲ್ಲಿ ನೋಡಿಕೊಂಡರೆ ನೊರೆ ಇದ್ದ ಕೆನ್ನೆಯೇ ಸ್ವಲ್ಪ ಮರ್ಯಾದಸ್ಥನ ಹಾಗೆ ಕಾಣುತ್ತಿತ್ತು.

ಅವತ್ತು ಅವನು ಹೇಳಿದ್ದಾದರೂ ಏನು? ಹೇಳಿದ್ದು ಎನ್ನುವುದಕ್ಕಿಂತ ನಾಲಿಗೆ ಜಾರಿದ್ದು ಎನ್ನಬೇಕು. ಅಣ್ಣ ತೀರಿಕೊಂಡು ತಿಂಗಳುಗಳಾಗಿದ್ದವು, ಮಕ್ಕಳಿರಲಿಲ್ಲ, ಅವನ ಕಂಪನಿಯ ಕ್ವಾರ್ಟರ್ಸನ್ನು ಅತ್ತಿಗೆ ಈ ತಿಂಗಳ ಕೊನೆಗೆ ಬಿಟ್ಟುಕೊಡಬೇಕಿತ್ತು. ಒಂದು ಭಾನುವಾರ ದೊಡ್ಡಕ್ಕನ ಮನೆಯ ಹಜಾರದಲ್ಲಿ ಎಲ್ಲರೂ ಸೇರಿದ್ದರು. "ನಮ್ಮನೇಲಿ ಜಾಗ ಅಂತ ಒಂದಿದ್ದಿದ್ರೆ ನಾನು ಯಾರನ್ನೂ ಕೇಳ್ತಾನೇ ಇರ್ಲಿಲ್ಲ," ಎಂದು ದೊಡ್ಡಕ್ಕ ಕಣ್ಣೊರೆಸಿಕೊಂಡಾಗ ಅವಳ ಹಿಂದೆ ಸಾಲಾಗಿ ನಾಲ್ಕು ಕೋಣೆಯ ಬಾಗಿಲುಗಳು ಏನೂ ಕೇಳಿಸದವರ ಹಾಗೆ ನಿಂತಿದ್ದವು. ಭಾವ ಮೇಲೆ ತಿರುಗುತ್ತಿದ್ದ ಫ್ಯಾನಿನಲ್ಲಿ ಏನೋ ದೋಷ ಕಂಡುಹಿಡಿದವರಂತೆ ಕತ್ತೆತ್ತಿದವರು ಇಳಿಸಲೇ ಇಲ್ಲ. ನಡುವಿನ ಅಣ್ಣ, "ಎಲ್ಲರೂ ಸೇರಿ ಏನಾದ್ರೂ ಒಂದು ವ್ಯವಸ್ಥೆ ಮಾಡೋಣ," ಎಂದ. ಎಲ್ಲರೂ ಎಂಬ ಪದಕ್ಕೆ ಯಾರೂ ಅಲ್ಲ ಎಂಬ ಅರ್ಥವೂ ಉಂಟೆಂದು ನಿಘಂಟಿನಲ್ಲಿ ಸೇರಿಸಬೇಕು ಎಂದು ಅವನಿಗೆ ಆಗಲೇ ಹೊಳೆದಿತ್ತು. ಅತ್ತಿಗೆ ಕರವಸ್ತ್ರದಿಂದ ಕನ್ನಡಕ ಒರೆಸುತ್ತ ಕೂತಿದ್ದರು. ಯಾರೂ ಮಾತಾಡಲಿಲ್ಲ. ಆ ಮೌನ ಬೆಳೆಯುತ್ತ ಹೋಯಿತು. ಎಲ್ಲಾದರೂ ಖಾಲಿ ಬಿಟ್ಟದ್ದು ಕಂಡರೆ ತುಂಬಿಬಿಡುವುದು ಅವನ ಕಸುಬು. "ಯಾಕೆ, ನಮ್ಮನೆ ಇದೆಯಲ್ಲ. ಅತ್ತಿಗೆ ಅಲ್ಲೇ ಬಂದಿರ್ಲಿ ಬಿಡಿ," ಎಂದ. ಹಜಾರದಲ್ಲಿದ್ದವರೆಲ್ಲ ಒಟ್ಟಿಗೇ ಉಸಿರು ಬಿಟ್ಟರು, ಭಾವನ ಕತ್ತು ಕೆಳಗಿಳಿಯಿತು.

ಇಂಥ ಮಾತಿಗೊಂದು ಪದ್ಧತಿ ಇರುತ್ತದೆ. ಒಬ್ಬರು ಬನ್ನಿ ಅನ್ನಬೇಕು, ಇನ್ನೊಬ್ಬರು ಬೇಡಪ್ಪ, ನಿನಗ್ಯಾಕೆ ತೊಂದರೆ ಅನ್ನಬೇಕು. ಅಂದವನಿಗೆ ಅಂದ ಪುಣ್ಯ, ಬೇಡವೆಂದವರಿಗೆ ಬೇಡವೆಂದ ಘನತೆ, ಇಬ್ಬರೂ ಕೈಬೀಸಿಕೊಂಡು ಮನೆಗೆ. ಅದಕ್ಕೇ ಅದನ್ನು ಬಾಯುಪಚಾರ ಎನ್ನುವುದು. ಆದರೆ ಅತ್ತಿಗೆ ಕನ್ನಡಕ ಹಾಕಿಕೊಂಡು, ಅವನನ್ನು ಒಂದು ಕ್ಷಣ ನೋಡಿ, "ಯೋಚನೆ ಮಾಡ್ತೀನಿ," ಎಂದರು. ಯೋಚನೆ ಮಾಡುವುದಾ? ಯೋಚನೆ ಮಾಡುವಂಥದ್ದು ಅದರಲ್ಲಿ ಏನಿತ್ತು? ಅವರು ಮೂವತ್ತು ವರ್ಷ ಶಿಶುವಿಹಾರದಲ್ಲಿ ಟೀಚರಾಗಿದ್ದವರು, ಇಷ್ಟು ಸರಳವಾದ ಪಾಠ ಗೊತ್ತಿಲ್ಲವೇ? ಆ ದಿನದಿಂದ ಅವನ ನೆಮ್ಮದಿ ಕೆಟ್ಟಿತು. ಹೂಂ ಅಂದುಬಿಟ್ಟರೆ ಎಂಬ ಭಯ ಒಂದು ಕಡೆ. ಅವರು ಹೂಂ ಅಂದಮೇಲೆ ತಾನು ಏನೋ ನೆಪ ತೆಗೆದು ಜಾರಿಕೊಂಡರೆ ಅವರು ಪೆಟ್ಟಿಗೆ ಹಿಡಿದು ಎಲ್ಲಿಗೆ ಹೋಗಬೇಕು ಎಂಬ ಸಂಕಟ ಇನ್ನೊಂದು ಕಡೆ. ಬಸ್ಸಿನಲ್ಲಿ, ಸ್ನಾನದಲ್ಲಿ, ಪ್ರಿಸೈಸ್ ಮತ್ತು ಪ್ರಿಟೆಂಡ್ ಪದಗಳಿಗೆ ಅರ್ಥ ಬರೆಯುವಾಗ, ಈ ಎರಡರ ನಡುವೆ ಅವನು ಓಡಾಡುತ್ತಲೇ ಇದ್ದ.

ಕಚೇರಿ ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿತ್ತು, ಕೆಳಗೆ ಕನ್ನಡಕದ ಅಂಗಡಿ. ಮೇಜಿನ ಎದುರಿಗೆ ಕರಡು ತಿದ್ದುವವಳು ಕೂತಿದ್ದಳು. ಯಾರ ಮಾತನ್ನೂ ನಡುವೆ ತಡೆಯದೆ ಬಿಡದ ಅವಳಿಗೆ ಕಚೇರಿಯಲ್ಲಿ ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು; ಅವಳಿಗೂ ಅದು ಗೊತ್ತಿತ್ತು, ಪೂರ್ಣವಿರಾಮ ಅನ್ನಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದಳು. "ಏನ್ ಸಾರ್, ಬೆಳಗಿಂದ ಒಂದೇ ಚೀಟಿ ಹಿಡ್ಕೊಂಡು ಕೂತಿದ್ದೀರಾ?" ಎಂದಳು. ಅವನು ಉದಾಹರಣೆಯ ವಾಕ್ಯ ಓದಿ ತೋರಿಸಿದ: ಅವನು ತನ್ನ ಕೈಯನ್ನು ಪ್ರಾಫರ್ ಮಾಡಿದನು. "ಇದನ್ನ ಕನ್ನಡದಲ್ಲಿ ಹೇಗೆ ಹೇಳ್ತೀರಿ?"

"ಕೈ ಕೊಟ್ಟನು," ಎಂದವಳು ತನ್ನನ್ನೇ ತಡೆದುಕೊಂಡು ಕಿಸಕ್ಕನೆ ನಕ್ಕಳು. "ಅಯ್ಯೋ, ಬೇಡ ಸಾರ್. ಕೈ ಕೊಟ್ಟ ಅಂದ್ರೆ ಓಡಿಹೋದ ಅಂತಾಯ್ತು."

"ಕೈಯೊಡ್ಡಿದನು ಅಂದ್ರೆ?"

"ಭಿಕ್ಷೆ ಬೇಡಿದ ಹಾಗಾಗತ್ತೆ."

"ಕೈ ಚಾಚಿದನು?"

"ಸಾಲ ಕೇಳಿದ ಅಂತಾರೆ. ಕೈ ನೀಡಿದನು ಅನ್ನಿ."

"ಅದು ಭಾಷಣದ್ದಾಯ್ತಲ್ರೀ. ನಿಮ್ಮ ಮನೇಲಿ ಯಾರಾದ್ರೂ ಕೈ ನೀಡ್ತಾರಾ?"

"ನಮ್ಮನೇಲಿ ಕೈ ಎತ್ತಿಬಿಡ್ತಾರೆ," ಎಂದು ಅವಳು ಮತ್ತೆ ಕರಡಿನೊಳಗೆ ಮುಖ ಹುದುಗಿಸಿದಳು. ಅವನಿಗೂ ನಗು ಬಂತು. ಒಂದು ಕೈ, ಅದಕ್ಕೆ ಎಷ್ಟೊಂದು ಕ್ರಿಯಾಪದ. ಹಿಡಿದರೆ ಒಂದು, ಬಿಟ್ಟರೆ ಒಂದು, ಮಾಡಿದರೆ, ಕೊಟ್ಟರೆ, ಎತ್ತಿದರೆ, ತೊಳೆದರೆ ಒಂದೊಂದು. ಆದರೆ ಸುಮ್ಮನೆ ಇಗೋ ಎಂದು ಮುಂದಕ್ಕೆ ಹಿಡಿದ ಕೈಗೆ, ಇನ್ನೂ ಯಾರೂ ಮುಟ್ಟಿರದ ಕೈಗೆ, ನಾವು ಯಾಕೆ ಒಂದು ನೆಟ್ಟಗಿನ ಮಾತು ಮಾಡಿಕೊಳ್ಳಲಿಲ್ಲ? ಬಹುಶಃ ಅಂಥ ಕೈಯನ್ನು ನಾವು ಬಹಳ ಹೊತ್ತು ಹಾಗೇ ಬಿಡುವುದಿಲ್ಲ, ತಕ್ಷಣ ಜೇಬಿಗೆ ಸೇರಿಸಿಬಿಡುತ್ತೇವೆ. ನಿಘಂಟಿನ ಹಿಂದಿನ ಸಂಪುಟ ಬಿಡುಗಡೆಯಾದ ದಿನ ಮುಖ್ಯ ಅತಿಥಿ ವೇದಿಕೆಯಿಂದಿಳಿದು ಸಿಬ್ಬಂದಿಯ ಸಾಲಿನಲ್ಲಿ ಒಬ್ಬೊಬ್ಬರ ಕೈ ಕುಲುಕುತ್ತ ಬಂದಿದ್ದರು. ತನ್ನ ಸರದಿ ಬಂತೆಂದು ಅವನು ಕೈ ಮುಂದೆ ಮಾಡಿದ. ಅಷ್ಟರಲ್ಲಿ ಯಾರೋ ಆ ಅತಿಥಿಯ ಕಿವಿಯಲ್ಲಿ ಏನೋ ಅಂದರು, ಅವರು ಹೌದೌದು ಎಂದು ನಗುತ್ತ ಮುಂದಿನವಳ ಹತ್ತಿರ, ಇದೇ ಅಲ್ಪವಿರಾಮದ ಹತ್ತಿರ, ಹೋಗಿಬಿಟ್ಟರು. ಗಾಳಿಯಲ್ಲಿ ಉಳಿದ ಕೈಯನ್ನು ಅವನು ಹಾಗೇ ಮೇಲೆತ್ತಿ ತಲೆ ಸವರಿಕೊಂಡ, ಅದೇ ಮೊದಲಿನಿಂದಲೂ ತನ್ನ ಉದ್ದೇಶವಾಗಿತ್ತು ಎಂಬಂತೆ. ಗ್ರೂಪ್ ಫೋಟೊದಲ್ಲಿ ಅವನೊಬ್ಬನೇ ತಲೆನೋವು ಬಂದವನಂತೆ ನಿಂತಿದ್ದಾನೆ. ಆ ಫೋಟೊ ಈಗಲೂ ಸಂಪಾದಕರ ಕುರ್ಚಿಯ ಹಿಂದೆ ನೇತಾಡುತ್ತದೆ.

ಆ ಕುರ್ಚಿಯಲ್ಲಿದ್ದ ಸಂಪಾದಕರು ಕರೆದರು. ಅವರದು ದೊಡ್ಡ ದನಿ, ಸಣ್ಣ ತಾಳ್ಮೆ. "ಏನ್ರೀ, ಪಿ ಎಲ್ಲಿಗೆ ಬಂತು?"

"ಒಂದು ಪದ ಉಳಿದಿದೆ ಸಾರ್. ಹಳೇ ಮುದ್ರಣದಲ್ಲಿ ಕೊಡು ಅಂತಿದೆ, ಅದು ಸರಿಯಿಲ್ಲ. ಕೊಟ್ಟಮೇಲೆ ವಸ್ತು ಇಸ್ಕೊಂಡವರ ಕೈಲಿರತ್ತೆ. ಇದರಲ್ಲಿ ಇನ್ನೂ ಕೊಡೋನ ಕೈಲೇ ಇದೆ. ತಗೋತಾರೋ ಇಲ್ವೋ ಅನ್ನೋದು ಪದದ ಒಳಗೆ ಇಲ್ಲ."

"ಸರಿ. ಹಾಗೇ ಬರೀರಿ."

"ಬರೀಬಹುದು ಸಾರ್. ಆದ್ರೆ ಕೊಡೋನಿಗೆ ನಿಜವಾಗ್ಲೂ ಕೊಡೋ ಮನಸ್ಸಿದೆಯಾ, ಸುಮ್ನೆ ಮರ್ಯಾದೆಗೆ ಮುಂದೆ ಮಾಡ್ತಿದಾನಾ ಅನ್ನೋದೂ ಪದದ ಒಳಗೆ ಇಲ್ಲ. ಅದನ್ನ ಹೇಗೆ ಸೂಚಿಸೋದು ಅಂತ..."

ಸಂಪಾದಕರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ನೀವು ಪದದ ಅರ್ಥ ಬರೀತಿದ್ದೀರೋ, ಜಾಮೀನು ಅರ್ಜಿ ಬರೀತಿದ್ದೀರೋ? ಸಂಜೆಯೊಳಗೆ ಕಟ್ಟು ಕೆಳಗಿಳಿಬೇಕು." ಅವನು ಹೊರಡುವಾಗ ಮಾಮೂಲಿನಂತೆ, "ಒಂದಿನ ಮನೆಗೆ ಊಟಕ್ಕೆ ಬನ್ರೀ," ಎಂದೂ ಸೇರಿಸಿದರು. ಈ ಊಟಕ್ಕೆ ಅವರು ಎಷ್ಟೋ ವರ್ಷಗಳಿಂದ ಕರೆಯುತ್ತಿದ್ದಾರೆ, ದಿನ ಮಾತ್ರ ಹೇಳಿಲ್ಲ, ಮನೆ ಎಲ್ಲಿದೆ ಎಂದೂ ಹೇಳಿಲ್ಲ. "ಒಂದು ಭಾನುವಾರ ನಾವಿಬ್ಬರೂ ಹೋಗಿ ಬಾಗಿಲು ತಟ್ಟಿಬಿಟ್ರೆ ಹೇಗಿರತ್ತೆ ಸಾರ್?" ಎಂದು ಅಲ್ಪವಿರಾಮ ಪಿಸುಗುಟ್ಟಿದಳು. ಅವನಿಗೆ ಬಾಗಿಲು ತೆರೆದ ಸಂಪಾದಕರ ಮುಖ ಕಣ್ಣಿಗೆ ಕಟ್ಟಿತು, ನಗಲು ಹೊರಟವನಿಗೆ ಆ ಮುಖ ಮೆಲ್ಲಗೆ ತನ್ನದಾಗಿ, ಬಾಗಿಲಾಚೆ ಪೆಟ್ಟಿಗೆ ಹಿಡಿದು ನಿಂತವರು ಅತ್ತಿಗೆಯಾಗಿ ಕಂಡರು. ನಗು ಅಲ್ಲಿಗೇ ನಿಂತಿತು.

ಅತ್ತಿಗೆ ಬಂದರೆ ಏನಾದೀತು? ಏನೂ ಆಗುವುದಿಲ್ಲ, ಅದೇ ಕಷ್ಟ. ಅವನ ಎರಡು ಕೋಣೆಯ ಮನೆಯಲ್ಲಿ ಅವನು ಹಾಡುವುದಿಲ್ಲ, ಕುಡಿಯುವುದಿಲ್ಲ, ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ಸಂಜೆ ಮನೆಗೆ ಬಂದು ಷರ್ಟನ್ನು ಕುರ್ಚಿಯ ಮೇಲೆಸೆದು, ಒಂದೊಂದು ಪದವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಓಡಾಡುವುದು, ಊಟವನ್ನು ಪಾತ್ರೆಯಿಂದಲೇ ನಿಂತುಕೊಂಡು ಮುಗಿಸುವುದು, ಯಾರಿಗೂ ಎಲ್ಲಿಗೆ ಹೋಗಿದ್ದೆ ಎಂದು ಹೇಳಬೇಕಿಲ್ಲದಿರುವುದು, ಇವನ್ನು ಸುಖ ಎಂದು ಕರೆಯಬಹುದೆಂದು ಅವನಿಗೆ ತಿಳಿದದ್ದೇ ಆ ಭಾನುವಾರದ ನಂತರ. ಹಾಗಾಗಿ ಕಾರಣಗಳನ್ನು ಹುಡುಕತೊಡಗಿದ್ದ. ಮೊದಲನೆಯದು ಅತ್ತಿಗೆಯ ಮೊಣಕಾಲು. ಮನೆ ಮಹಡಿಯ ಮೇಲಿದೆ, ಅವರಿಗೆ ಮೊಣಕಾಲು ನೋವು; ಪಾಪ, ಹೇಗೆ ಹತ್ತುತ್ತಾರೆ? ಈಚೆಗೆ ಅವನು ಫೋನಿನಲ್ಲಿ ಆ ಮೊಣಕಾಲನ್ನು ವಿಚಾರಿಸುತ್ತಿದ್ದ ಕಾಳಜಿಯಲ್ಲಿ ಅದು ಎಲ್ಲಿ ವಾಸಿಯಾಗಿಬಿಡುತ್ತದೋ ಎಂಬ ಆತಂಕವೂ ಬೆರೆತಿತ್ತು. ಇದು ತಿಳಿದಾಗ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಇನ್ನೊಂದು ಕಾರಣ, ಜನ ಏನಂತಾರೆ. ಮದುವೆಯಾಗದ ಮೈದುನ, ಗಂಡನಿಲ್ಲದ ಅತ್ತಿಗೆ. ಆದರೆ ಅವನ ಬೀದಿಯ ಜನ ಅವನ ಬಗ್ಗೆ ಇಷ್ಟು ವರ್ಷದಲ್ಲಿ ಏನೂ ಅಂದಿರಲಿಲ್ಲ, ಅವನು ಅಲ್ಲಿದ್ದಾನೆ ಎನ್ನುವುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಇಲ್ಲದ ಜನರನ್ನು ಸಾಕ್ಷಿಗೆ ಕರೆಯುತ್ತಿದ್ದೇನೆ ಎಂದು ಅದನ್ನು ಬಿಟ್ಟುಬಿಟ್ಟ. ಆಮೇಲೆ ಮತ್ತೆ ಮೊಣಕಾಲಿಗೇ ಬಂದ.

ಕಾಲೇಜು ಸೇರಿ ಅಣ್ಣನ ಮನೆಗೆ ಬಂದ ಮೊದಲ ದಿನ ಅತ್ತಿಗೆಗೂ ಆ ಮನೆ ಹೊಸದು. "ಇನ್ನೊಂಚೂರು ಹಾಕ್ಲಾ?" ಎಂದು ಸೌಟು ಹಿಡಿದು ಕೇಳಿದ್ದರು. ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ದರೂ ಅವನು, "ಬೇಡ ಅತ್ತಿಗೆ, ಸಾಕು," ಎಂದ. ಹಾಗನ್ನಬೇಕು, ಇನ್ನೆರಡು ಸಲ ಕೇಳುತ್ತಾರೆ, ಆಗ ಹೂಂ ಅನ್ನಬೇಕು ಎಂದು ಅವನ ಲೆಕ್ಕ. ಅತ್ತಿಗೆ ಸರಿ ಎಂದು ಪಾತ್ರೆಗೆ ಮುಚ್ಚಳ ಹಾಕಿಬಿಟ್ಟರು. ಮರುದಿನ ಬೆಳಿಗ್ಗೆ ಡಬ್ಬಿಗೆ ಕೈ ಹಾಕಿ ಬಿಸ್ಕತ್ತು ತಿನ್ನುತ್ತಿದ್ದವನನ್ನು ಹಿಡಿದುಹಾಕಿ, ಸೊಂಟದ ಮೇಲೆ ಕೈಯಿಟ್ಟು, "ನಿನ್ನ ಬಾಯಿಗೂ ಹೊಟ್ಟೆಗೂ ಮಾತುಕತೆ ಇಲ್ವೇನೋ?" ಎಂದು ಕೇಳಿದ್ದರು. ಆಮೇಲೆ ಅವರು ಅವನನ್ನು ಕೇಳಿದ್ದೇ ಇಲ್ಲ, ಬಡಿಸಿಬಿಡುತ್ತಿದ್ದರು. ಚಳಿಗಾಲಕ್ಕೆ ಸ್ವೆಟರ್ ಬೇಕಾ ಎಂದು ಕೇಳಲಿಲ್ಲ, ಒಂದು ದಿನ ಅದು ಮಂಚದ ಮೇಲಿತ್ತು. ಪರೀಕ್ಷೆಯಲ್ಲಿ ಫೇಲಾದಾಗ ಅಣ್ಣನಿಗೆ ನಾನು ಹೇಳಲಾ ಎಂದು ಕೇಳಲಿಲ್ಲ, ಹೇಳಿಯಾಗಿತ್ತು. ಯೋಚಿಸಿದರೆ ಅತ್ತಿಗೆ ಅವನಿಗೆ ಏನನ್ನೂ ಪ್ರಾಫರ್ ಮಾಡಿದವರೇ ಅಲ್ಲ. ಅಂಥವರಿಗೆ ಅವನು ತುಂಬಿದ ಹಜಾರದಲ್ಲಿ, ಭಾವನ ಕತ್ತು ನೋಡಲಾಗದೆ, ಬಾಯಿಮಾತಿಗೆ ಮನೆ ಕೊಟ್ಟಿದ್ದ. ಈ ಮಾತು ಮನಸ್ಸಿಗೆ ಬಂದದ್ದೇ ಅವನ ಕಿವಿ ಬಿಸಿಯಾಯಿತು. ಚೀಟಿಯನ್ನೆಳೆದುಕೊಂಡು 'ಬೇಕಾದರೆ ತೆಗೆದುಕೊಳ್ಳಲಿ ಎಂದು ಮುಂದೆ ಮಾಡು' ಎಂದು ಬರೆದ. ನೋಡಿದ. 'ಬೇಕಾದರೆ' ಎನ್ನುವ ಆ ಒಂದು ಮಾತು ಬಾಗಿಲಿಗೆ ಒಳಗಿನಿಂದ ಹಾಕಿದ ಚಿಲಕದ ಹಾಗಿತ್ತು. ಅದನ್ನು ಹೊಡೆದುಹಾಕಿದ. ಇನ್ನುಳಿದ ವಾಕ್ಯಗಳನ್ನು ಓದತೊಡಗಿದರೆ ಅವೂ ಸೇರಿಕೊಂಡು ಅಣಕಿಸಿದವು: ಅವಳು ಪ್ರಾಫರ್ ಮಾಡಿದ ಕುರ್ಚಿಯನ್ನು ಆತ ನಿರಾಕರಿಸಿದ, ಅವರು ಪ್ರಾಫರ್ ಮಾಡಿದ ಸಲಹೆಯನ್ನು ಯಾರೂ ಕೇಳಲಿಲ್ಲ, ಮುಂದೆ ಬಂದ ಕೈಯನ್ನು ಆಕೆ ಕಾಣದವಳಂತೆ ನಡೆದುಹೋದಳು. ಪುಸ್ತಕಗಳಲ್ಲಿ ಈ ಪದ ಸಿಕ್ಕಲ್ಲೆಲ್ಲ ಯಾರೋ ಒಬ್ಬರು ಬೇಡ ಅನ್ನುತ್ತಿದ್ದರು. ಅವನಿಗೆ ಒಂದು ಘಳಿಗೆ ಧೈರ್ಯ ಬಂತು. ಮರುಘಳಿಗೆ ಆ ಧೈರ್ಯಕ್ಕೇ ನಾಚಿಕೆಯಾಯಿತು.

"ಸಾರ್, ಕೆಳಗೆ ಯಾರೋ ಅಮ್ಮ ನಿಮ್ಮನ್ನ ಕೇಳ್ತಿದಾರೆ," ಎಂದು ಕಿಟಕಿಯಿಂದ ಬಗ್ಗಿದ್ದ ಅಲ್ಪವಿರಾಮ ಹೇಳಿದಳು. "ಕನ್ನಡಕದ ಅಂಗಡಿಯವನ ಹತ್ರ ಫ್ರೇಮ್ ಚೌಕಾಸಿ ಮಾಡ್ತಾನೂ ಇದಾರೆ."

ಅತ್ತಿಗೆ ಮಡಿಸಿದ ಕೊಡೆ, ಬಟ್ಟೆಯ ಚೀಲ ಹಿಡಿದು ನಿಂತಿದ್ದರು. ತಲೆ ಇನ್ನಷ್ಟು ಬೆಳ್ಳಗಾಗಿತ್ತು. ಮೇಲೆ ಬನ್ನಿ ಎನ್ನಲು ಹೋಗಿ ಅವನು ನಾಲಿಗೆ ಕಚ್ಚಿಕೊಂಡ, ಇವತ್ತು ಬನ್ನಿ ಎಂಬ ಮಾತನ್ನು ಆದಷ್ಟು ಕಡಿಮೆ ಬಳಸುವುದು ಒಳ್ಳೆಯದೆನಿಸಿತು. ಎದುರಿನ ಕಾಫಿ ಅಂಗಡಿಯಲ್ಲಿ ಮೂಲೆಯ ಮೇಜು ಹಿಡಿದು ಕೂತರು. ಮೇಜಿನ ಒಂದು ಕಾಲು ಗಿಡ್ಡ, ಮೊಣಕೈಯಿಟ್ಟಾಗಲೆಲ್ಲ ಅದು ತೂಗುತ್ತಿತ್ತು.

"ಮೊಣಕಾಲು ಹೇಗಿದೆ ಅತ್ತಿಗೆ?"

"ನಿಮ್ಮನೆ ಮೆಟ್ಟಿಲು ನೆನೆಸ್ಕೊಂಡು ಕೇಳ್ತಿದ್ದೀಯಾ?"

ಅವನು ಕಾಫಿಗೆ ಸಕ್ಕರೆ ಹಾಕಿ ಕಲಕಿದ. ಸಕ್ಕರೆ ಕರಗಿದ ಮೇಲೂ ಕಲಕುತ್ತಲೇ ಇದ್ದ. ಅತ್ತಿಗೆ ಅವನ ಚಮಚದ ಮೇಲೆ ಬೆರಳಿಟ್ಟು ನಿಲ್ಲಿಸಿದರು, ಮಕ್ಕಳ ಸ್ಲೇಟಿನ ಮೇಲೆ ಇಡುವ ಹಾಗೆ.

"ನೋಡು ಗುಬ್ಬಿ, ನಿನಗೆ ಸರಿಯಾಗಿ ನಿದ್ದೆ ಬಂದಿರಲ್ಲ ಅಂತ ನನಗೆ ಗೊತ್ತು. ಫೋನಲ್ಲೇ ಹೇಳಿಬಿಡಬಹುದಿತ್ತು, ಮುಖ ನೋಡಿ ಹೇಳೋಣ ಅಂತ ಬಂದೆ. ನನ್ನ ಸ್ಕೂಲಿನ ಗೆಳತಿ ಒಬ್ಬಳಿದಾಳೆ, ನರ್ಸಮ್ಮ ಅಂತೀವಿ ಅವಳನ್ನ, ಆಸ್ಪತ್ರೇಲಿ ಇದ್ದವಳು. ಅವಳ ಮನೆ ಹಿಂದೆ ಒಂದು ರೂಮು ಖಾಲಿ ಇದೆಯಂತೆ. ಅಲ್ಲಿಗೆ ಹೋಗ್ತೀನಿ. ನೀನು ತಲೆ ಕೆಡಿಸ್ಕೋಬೇಡ."

ಅವನ ಮೈ ಹಗುರಾಯಿತು. ಎಷ್ಟು ಹಗುರಾಯಿತೆಂದರೆ ಇಷ್ಟು ದಿನ ಭುಜಗಳನ್ನು ಕಿವಿಯ ಹತ್ತಿರ ಎತ್ತಿ ಹಿಡಿದುಕೊಂಡಿದ್ದೆ ಎನ್ನುವುದು ಅವು ಕೆಳಗಿಳಿದಾಗ ಗೊತ್ತಾಯಿತು. ಅತ್ತಿಗೆ ಅದನ್ನು ನೋಡಿದರು. ಬಾಯಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಇಲ್ಲ ಮಿಸ್ ಎನ್ನುವ ಮಕ್ಕಳನ್ನು ಮೂವತ್ತು ವರ್ಷ ನೋಡಿದ ಕಣ್ಣು ಅದು. ಅವರು ಕಾಫಿ ಲೋಟ ಎತ್ತಿದರು. ಅವನಿಗೋ, ಅಪಾಯ ದಾಟಿದ್ದೇ ತಡ, ಎಲ್ಲಿಲ್ಲದ ಔದಾರ್ಯ ಉಕ್ಕಿತು. "ಛೆ ಛೆ, ಇದೆಂಥ ಮಾತು ಅತ್ತಿಗೆ! ಯಾರದೋ ಮನೆ ಹಿಂದೆ ಹೋಗಿ ಯಾಕಿರಬೇಕು ನೀವು? ನಾನೇನು ಸತ್ತುಹೋಗಿದ್ದೀನಾ? ಅವತ್ತೇ ಹೇಳಿರ್ಲಿಲ್ವಾ ನಾನು, ನಮ್ಮನೆ ನಿಮ್ಮನೆ ಅಲ್ವಾ? ನನಗೆಷ್ಟು ಬೇಜಾರಾಗತ್ತೆ ಗೊತ್ತಾ?" ಮಾತು ಹರಿಯಿತು. ಇಷ್ಟು ಸೊಗಸಾಗಿ, ಒಂದೂ ಪದ ಹೊಡೆದುಹಾಕದೆ, ಅವನು ಎಂದೂ ಮಾತಾಡಿರಲಿಲ್ಲ.

ಅತ್ತಿಗೆ ಲೋಟ ಕೆಳಗಿಟ್ಟರು. "ಹೌದಾ? ಸರಿ ಹಾಗಾದ್ರೆ. ನಿಮ್ಮನೆಗೇ ಬರ್ತೀನಿ."

ಮೇಜು ಒಂದು ಸಲ ತೂಗಿ ನಿಂತಿತು. ಎದೆ ಧಸಕ್ಕೆನ್ನುತ್ತದೆ ಎಂದು ಅವನು ಕಾದ, ಅದು ಅನ್ನಲಿಲ್ಲ. ಅದರ ಬದಲು ಮನಸ್ಸು, ಯಾರ ಅಪ್ಪಣೆಯನ್ನೂ ಕೇಳದೆ, ಮನೆಯ ಹಿಂದಿನ ಕೋಣೆಗೆ ಹೋಗಿಬಿಟ್ಟಿತು. ಅಲ್ಲಿ ಗೋಡೆಗೊರಗಿ ಒಂದು ದೊಡ್ಡ ಕಪಾಟು, ತುಂಬ ರದ್ದಿ, ಅರ್ಧಕ್ಕೆ ಬಿಟ್ಟ ಹಳೆಯ ಕರಡುಗಳು. ಅದನ್ನು ಮುಂದಿನ ಕೋಣೆಗೆ ತಳ್ಳಿದರೆ ಅಲ್ಲೊಂದು ಮಂಚ ಹಿಡಿಯುತ್ತದೆ. ತಲೆ ಈ ಕಡೆ. ದೀಪ ಆ ಕಡೆ. ಕನ್ನಡಕ ಇಡಲು ಕೈಗೆಟಕುವಂತೆ ಒಂದು ಹಲಗೆ ಬೇಕು.

ಅಷ್ಟರಲ್ಲಿ ಅತ್ತಿಗೆ ಗೊಳ್ಳನೆ ನಕ್ಕರು. "ಮುಖ ನೋಡು, ಮುಖ! ತಮಾಷೆಗಂದೆ ಕಣೋ ಮಾರಾಯ, ಹೆದರಬೇಡ. ಕಾಫಿ ಕುಡಿ, ಆರಿಹೋಗತ್ತೆ."

ಅವನೂ ನಕ್ಕ, ನಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು. ನಗುತ್ತಲೇ ಕಾಫಿ ಕುಡಿದ. ಆದರೆ ಹಿಂದಿನ ಕೋಣೆಯಲ್ಲಿ ಹಾಕಿದ್ದ ಮಂಚ ಅಲ್ಲಿಂದ ಏಳಲೊಲ್ಲದು. ಅದನ್ನು ತೆಗೆದು ಕಪಾಟನ್ನು ಮತ್ತೆ ಸ್ವಸ್ಥಾನಕ್ಕೆ ತರಲು ನೋಡಿದ, ಕಪಾಟು ಅಲುಗಲಿಲ್ಲ. ಅವನಿಗೆ ನಿರಾಸೆಯಾಗಿತ್ತು. ಅದು ನಿರಾಸೆಯೇ, ಬೇರೇನಲ್ಲ ಎಂದು ಒಪ್ಪಿಕೊಳ್ಳಲು ಅರ್ಧ ಲೋಟ ಕಾಫಿ ಬೇಕಾಯಿತು. ಅತ್ತಿಗೆ ದೊಡ್ಡಕ್ಕನ ಮೊಮ್ಮಗುವಿಗೆ ಹಲ್ಲು ಬಂದ ಸುದ್ದಿ ಹೇಳುತ್ತಿದ್ದರು. ಅವರು ನಗುವಾಗ ಬಲಗಣ್ಣು ಎಡಗಣ್ಣಿಗಿಂತ ಮೊದಲು ಮುಚ್ಚಿಕೊಳ್ಳುತ್ತಿತ್ತು. ಇದನ್ನು ಅವನು ಎಷ್ಟು ವರ್ಷ ದಿನಾ ನೋಡಿದ್ದ, ಎಷ್ಟು ವರ್ಷದಿಂದ ನೋಡಿರಲಿಲ್ಲ. ಅತ್ತಿಗೆ, ದಯವಿಟ್ಟು ಬನ್ನಿ ಎನ್ನಬೇಕೆನಿಸಿತು. ಬಾಯಿ ತೆರೆದ. ಆದರೆ ಯಾವ ಮಾತಿನಲ್ಲಿ ಕರೆಯುವುದು? ಬನ್ನಿ, ಇರಿ, ನಮ್ಮನೆ ಇದೆಯಲ್ಲ, ನಿಮ್ಮನೆಯೇ ಅಂದ್ಕೊಳ್ಳಿ, ಇದ್ದ ಮಾತುಗಳನ್ನೆಲ್ಲ ಅವನು ಈಗಷ್ಟೇ ಬಾಯುಪಚಾರಕ್ಕೆ ಖಾಲಿ ಮಾಡಿದ್ದ. ಪದಗಳೇ ಕಸುಬಾದವನ ಹತ್ತಿರ ಒಂದು ಕೆಲಸಕ್ಕೆ ಬರುವ ಪದ ಉಳಿದಿರಲಿಲ್ಲ.

"ಹಿಂದಿನ ರೂಮಲ್ಲಿ ಒಂದು ಕಪಾಟಿದೆ," ಎಂದ.

"ಏನು?" ಅತ್ತಿಗೆ ಮೊಮ್ಮಗುವಿನ ಹಲ್ಲಿನಲ್ಲೇ ಇದ್ದರು.

"ದೊಡ್ಡ ಕಪಾಟು. ಅದನ್ನ ಮುಂದಿನ ರೂಮಿಗೆ ಹಾಕಿದ್ರೆ ಅಲ್ಲಿ ಮಂಚ ಹಿಡಿಯತ್ತೆ. ನಿಮ್ಮ ಈಗಿನ ಮಂಚವೇ ಹಿಡಿಯತ್ತೆ ಅನ್ಸತ್ತೆ, ಆದ್ರೆ ಬಾಗಿಲಲ್ಲಿ ಕಾಲು ಬಿಚ್ಚಿ ತರಬೇಕು. ಬಚ್ಚಲಮನೆ ಚಿಲಕ ಸ್ವಲ್ಪ ಬಿಗಿ, ಎತ್ತಿ ಎಳೀಬೇಕು. ಅದನ್ನ ಸರಿ ಮಾಡಿಸ್ತೀನಿ. ಮೆಟ್ಟಿಲಿಗೆ ಒಂದು ಕಡೆ ಕಂಬಿ ಇಲ್ಲ, ಓನರಿಗೆ ಹೇಳಿ ಹಾಕಿಸ್ಬೇಕು. ಒಪ್ಪಲಿಲ್ಲ ಅಂದ್ರೆ ನಾನೇ ಹಾಕಿಸ್ತೀನಿ."

ಹೇಳುತ್ತ ಹೋದ. ಸ್ವರ ಒಣಗಿತ್ತು, ಸೊಗಸೇನೂ ಇರಲಿಲ್ಲ, ಬಡಗಿಯ ಹತ್ತಿರ ಮಾತಾಡುವವನ ಹಾಗಿತ್ತು. ಸಂಜೆ ಗಟ್ಟಿಯಾಗಿ ಪದ ಹೇಳಿಕೊಂಡು ಓಡಾಡುವ ಅಭ್ಯಾಸವಿದೆ, ಅದೊಂದು ತಾಳಿಕೊಳ್ಳಬೇಕಾಗುತ್ತದೆ ಎಂದೂ ಹೇಳಿದ. ಅತ್ತಿಗೆಯ ಮುಖದ ಮೇಲಿನ ನಗು ಎಲ್ಲೋ ನಡುವೆ ನಿಂತುಹೋಗಿತ್ತು. ಅವರು ಲೋಟದ ಅಂಚನ್ನೇ ನೋಡುತ್ತ ಕೂತರು, ಕಣ್ಣು ಮೇಲೆತ್ತಲಿಲ್ಲ. ಅವನು ಕಂಬಿಯ ಬಗ್ಗೆ ಇನ್ನೊಂದು ಸಲ ಹೇಳಿದ. ಆಮೇಲೆ ಹೇಳಲು ಏನೂ ಉಳಿಯದೆ ಸುಮ್ಮನಾದ, ಆ ಮೌನವನ್ನು ತುಂಬಲು ಹೋಗಲಿಲ್ಲ.

"ಆ ರೂಮಿಗೆ ಕಿಟಕಿ ಇದೆಯಾ?" ಎಂದರು ಅತ್ತಿಗೆ.

"ಇದೆ."

"ಬಿಸಿಲು ಬರತ್ತಾ?"

"ಗೊತ್ತಿಲ್ಲ ಅತ್ತಿಗೆ."

"ಅಷ್ಟು ವರ್ಷದಿಂದ ಆ ಮನೇಲಿದ್ದೀಯ, ನಿನ್ನ ಕಿಟಕಿಗೆ ಬಿಸಿಲು ಬರತ್ತೋ ಇಲ್ವೋ ಗೊತ್ತಿಲ್ವಾ?"

"ಕಪಾಟು ಅಡ್ಡ ಇದೆ ಅತ್ತಿಗೆ. ನಾನು ಬಂದಾಗಲೇ ಇತ್ತು."

ಅತ್ತಿಗೆ ಕನ್ನಡಕ ತೆಗೆದರು, ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು, ಹಾಕಿಕೊಂಡರು. ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ಚೀಲವನ್ನು ಹೆಗಲಿಗೇರಿಸಿದರು. "ಏಳು. ಬಿಸಿಲು ಇಳಿಯೋದ್ರೊಳಗೆ ಕಪಾಟು ಸರಿಸಿ ನೋಡಿಬಿಡೋಣ," ಎಂದರು.

ಅವನಿಗೆ ಕಚೇರಿಯಲ್ಲಿ ಕಾಯುತ್ತಿದ್ದ ಪಿ ಕಟ್ಟು ನೆನಪಾಯಿತು, ಸಂಪಾದಕರ ದನಿಯೂ ನೆನಪಾಯಿತು. ಹೊರಗೆ ಬಂದು ತಲೆಯೆತ್ತಿ ನೋಡಿದರೆ ಎದುರಿನ ಕಚೇರಿಯ ಕಿಟಕಿಯಲ್ಲಿ ಅಲ್ಪವಿರಾಮ ಎರಡೂ ಕೈ ಬೀಸಿ ಕರೆಯುತ್ತಿದ್ದಳು. ಅವನು ಕೈಸನ್ನೆಯಲ್ಲೇ ನಾಳೆ ಎಂದ. ಅವಳು ಹಣೆ ಚಚ್ಚಿಕೊಂಡಳು. ಅತ್ತಿಗೆ ಆಗಲೇ ಫುಟ್‌ಪಾತಿನಿಂದ ಕೆಳಗಿಳಿದು, ನೋವಿನ ಕಾಲನ್ನು ಸ್ವಲ್ಪ ಎಳೆಯುತ್ತ, ಕೊಡೆಯನ್ನು ಮುಂದೆ ಚಾಚಿ ಗಾಡಿಗಳನ್ನು ನಿಲ್ಲಿಸುತ್ತ ರಸ್ತೆ ದಾಟುತ್ತಿದ್ದರು. ಅವನು ಓಡಿಹೋಗಿ ಜೊತೆಯಾದ. ಅರ್ಧ ರಸ್ತೆಯಲ್ಲಿ ಏನೋ ಹೊಳೆದು, "ಅತ್ತಿಗೆ, ಮತ್ತೆ ಆ ರೂಮು? ಪಾಪ, ನರ್ಸಮ್ಮ ನಿಮಗಾಗಿ ಕಾಯ್ತಿರಲ್ವಾ? ಒಂದು ಫೋನಾದ್ರೂ ಮಾಡಿ ಹೇಳಿಬಿಡಿ," ಎಂದ.

"ಯಾವ ನರ್ಸಮ್ಮ?" ಎಂದರು ಅತ್ತಿಗೆ, ತಿರುಗಿ ನೋಡದೆ.